ಮಗುವಿನೊಡನೆ ಒಂದು ಗ್ರಹಣ

ಮಕ್ಕಳಿಗೆ ಆಕಾಶವನ್ನು ತೋರಿಸುವುದು ಬಲು ಸುಲಭದ ಕೆಲಸವೆಂದು ನಾನು ಬಹುಕಾಲ ನಂಬಿದ್ದೆ. ಪುಸ್ತಕ ಬೇಡ, ಪಾಠಶಾಲೆ ಬೇಡ, ಕಾಸು ಖರ್ಚಿಲ್ಲ, ತಲೆಯೆತ್ತಿದರೆ ಆಯಿತು. ಆದರೆ ಮಗು ತಲೆಯೆತ್ತುವ ಮುನ್ನ ಪಕ್ಕದಲ್ಲಿ ನಿಂತ ಹಿರಿಯರ ಮುಖವನ್ನು ಒಮ್ಮೆ ನೋಡುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಆ ಮುಖದಲ್ಲಿ ಅಂಜಿಕೆಯಿದ್ದರೆ ಮಗುವಿಗೆ ಆಕಾಶದಲ್ಲಿಯೂ ಅಂಜಿಕೆಯೇ ಕಾಣುತ್ತದೆ. ಅಲ್ಲಿ ಕುತೂಹಲವಿದ್ದರೆ ಮಗುವಿನ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಇಷ್ಟನ್ನು ತಿಳಿಯುವುದಕ್ಕೆ ನನಗೆ ಎರಡು ಗ್ರಹಣಗಳು ಬೇಕಾದವು. ಒಂದು, ನಾನು ನೋಡದೆ ಹೋದದ್ದು. ಇನ್ನೊಂದು, ಆರು ವರ್ಷದ ಹುಡುಗಿಯೊಬ್ಬಳ ಜೊತೆಯಲ್ಲಿ ನೋಡಿದ್ದು. ಎರಡರ ನಡುವೆ ಸುಮಾರು ನಲವತ್ತು ವರ್ಷಗಳು ಕಳೆದವು.

ಮೊದಲನೆಯದು ೧೯೮೦ರ ಫೆಬ್ರವರಿ ೧೬, ಶನಿವಾರ. ಅಂದು ಮಧ್ಯಾಹ್ನ ಅರಬ್ಬೀ ಸಮುದ್ರವನ್ನು ದಾಟಿ ಬಂದ ಚಂದ್ರನ ನೆರಳು ಅಂಕೋಲೆಯ ಬಳಿ ಕರ್ನಾಟಕದ ನೆಲವನ್ನು ಮುಟ್ಟಿ, ಹುಬ್ಬಳ್ಳಿ, ಗದಗು, ರಾಯಚೂರು ಸೀಮೆಗಳ ಮೇಲೆ ಹಾದು ಪೂರ್ವಕ್ಕೆ ಓಡಿತು. ನೆರಳಿನ ನಡುಭಾಗದಲ್ಲಿ ನಿಂತವರಿಗೆ ಎರಡೂವರೆ ನಿಮಿಷಕ್ಕೂ ತುಸು ಹೆಚ್ಚು ಹೊತ್ತು ಸೂರ್ಯ ಪೂರ್ತಿಯಾಗಿ ಮರೆಯಾದ. ವಿಜ್ಞಾನಿಗಳು ನಮ್ಮ ಬಯಲುಸೀಮೆಯಲ್ಲಿ ಡೇರೆ ಹಾಕಿ, ದೂರದರ್ಶಕಗಳನ್ನು ಹೂಡಿ ಕಾದಿದ್ದರು. ಭೂಮಿಯ ಮೇಲಿನ ಯಾವುದೇ ಒಂದು ಊರಿಗೆ ಪೂರ್ಣ ಸೂರ್ಯಗ್ರಹಣ ಬರುವುದು ಸರಾಸರಿ ೩೭೫ ವರ್ಷಗಳಿಗೊಮ್ಮೆ ಎಂದು ಲೆಕ್ಕ. ಅಂಥ ಅತಿಥಿ ಗದಗಿನ ಸಮೀಪದ ನಮ್ಮ ಹಳ್ಳಿಯ ಬಾಗಿಲಿಗೆ ತಾನಾಗಿ ಬಂದಾಗ ನಾವು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆವು.

ನನಗಾಗ ಒಂಬತ್ತು ವರ್ಷ. ನಮ್ಮ ತಂದೆ ಊರಿನ ಪ್ರಾಥಮಿಕ ಶಾಲೆಯ ಮಾಸ್ತರರು. ಗ್ರಹಣಕ್ಕೆ ಎರಡು ದಿನ ಮುಂಚೆ ಅವರು ಕರಿಹಲಗೆಯ ಮೇಲೆ ಹಳದಿ ಸುಣ್ಣದಕಡ್ಡಿಯಿಂದ ಸೂರ್ಯನನ್ನೂ, ಬಿಳಿಯದರಿಂದ ಚಂದ್ರನನ್ನೂ, ನೀಲಿಯದರಿಂದ ಭೂಮಿಯನ್ನೂ ಬರೆದು, ಒಂದರ ನೆರಳು ಇನ್ನೊಂದರ ಮೇಲೆ ಬೀಳುವ ಬಗೆಯನ್ನು ಬಹಳ ಚೆನ್ನಾಗಿ ವಿವರಿಸಿದ್ದರು. ಕ್ರಿ.ಶ. ೪೯೯ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿಯೇ, ಆರ್ಯಭಟ ಗ್ರಹಣವೆಂದರೆ ನೆರಳೆಂದು ಬರೆದಿಟ್ಟಿದ್ದಾನೆಂಬುದನ್ನೂ ಹೇಳಿದ್ದರು. ನಾನು ಹೆಮ್ಮೆಯಿಂದ ಆ ಚಿತ್ರವನ್ನು ಪಾಟಿಯ ಮೇಲೆ ಬರೆದುಕೊಂಡು ಮನೆಗೆ ಬಂದಿದ್ದೆ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ನಡೆದದ್ದೇ ಬೇರೆ. ಅಜ್ಜಿ ಬೆಳಿಗ್ಗೆಯಿಂದಲೇ ಉಪ್ಪಿನಕಾಯಿ, ಹಾಲು, ಮೊಸರುಗಳ ಮೇಲೆಲ್ಲ ದರ್ಭೆಯನ್ನಿಟ್ಟಿದ್ದಳು. ಒಲೆ ಆರಿತ್ತು. ಬಸುರಿಯಾಗಿದ್ದ ನಮ್ಮ ಕಾಕುವನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ಮೈ ಹೊರಳಿಸಬಾರದು, ಕತ್ತರಿ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ಆಕಾಶವಾಣಿಯೂ ಪತ್ರಿಕೆಗಳೂ ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂದು ಎಚ್ಚರಿಸಿದ್ದವು. ನಮ್ಮ ಊರು ಅದನ್ನು, ನೋಡಲೇಬಾರದು ಎಂದು ಕೇಳಿಸಿಕೊಂಡಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯಿರಲಿಲ್ಲ. ಅಜ್ಜಿ ಒಂದೊಂದೇ ಕಿಟಕಿಯನ್ನು ಮುಚ್ಚುತ್ತ ಬಂದಳು. ನಾನು ತಂದೆಯವರ ಬಳಿಗೆ ಹೋದೆ.

“ಅಪ್ಪಾ, ಇದು ನೆರಳು ಅಂತ ನೀವ ಸಾಲ್ಯಾಗ ಹೇಳೀರಿ. ನೆರಳಿಗೆ ಯಾಕ ಅಂಜಬೇಕು?”

ಅವರು ನನ್ನ ಮುಖವನ್ನು ನೋಡಲಿಲ್ಲ. “ಸುಮ್ಮನ ಕೂಡು. ಅಜ್ಜಿ ಮನಸ್ಸಿಗೆ ಬ್ಯಾಸರ ಆಗ್ತದ” ಎಂದಷ್ಟೇ ಹೇಳಿ ಜಪಕ್ಕೆ ಕುಳಿತರು. ಕರಿಹಲಗೆಯ ಮುಂದೆ ನಿಂತ ಮಾಸ್ತರರು ಒಬ್ಬರು, ನಡುಮನೆಯಲ್ಲಿ ಕುಳಿತ ತಂದೆ ಇನ್ನೊಬ್ಬರು ಎಂದು ಆ ಮಧ್ಯಾಹ್ನ ನನಗೆ ಮೊದಲ ಬಾರಿಗೆ ಅನ್ನಿಸಿತು. ಆ ಅನಿಸಿಕೆ ಬಹಳ ವರ್ಷ ನನ್ನೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತು.

ಪಡುವಣ ಕಿಟಕಿಯ ಹಲಗೆಯ ಬಾಗಿಲಿನಲ್ಲಿ ಹಿಂದೆಂದೋ ಮೊಳೆ ಕಿತ್ತು ಹೋದ ಒಂದು ಸಣ್ಣ ತೂತಿತ್ತು. ಅದರಿಂದ ಬಂದ ಬಿಸಿಲು ಎದುರಿನ ಗೋಡೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬೆಳಕಿನ ಚುಕ್ಕೆಯಾಗಿ ಬಿದ್ದಿತ್ತು. ಬೇರೆ ಮಾಡಲು ಏನೂ ಇಲ್ಲದೆ ನಾನು ಅದನ್ನೇ ನೋಡುತ್ತ ಕುಳಿತೆ. ನೋಡುತ್ತಿದ್ದಂತೆ ಅದರ ಒಂದು ಅಂಚು ಯಾರೋ ಕಚ್ಚಿದಂತೆ ಕುಂದಿತು. ಸ್ವಲ್ಪ ಹೊತ್ತಿಗೆ ಅರ್ಧವಾಯಿತು. ಆಮೇಲೆ ಬಿದಿಗೆಯ ಚಂದ್ರನಂತೆ ಬಾಗಿದ ಗೆರೆಯಾಯಿತು. ನನಗೆ ಮೈ ಜುಮ್ಮೆಂದಿತು. ಕೂಗಬೇಕೆನ್ನಿಸಿತು, ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅಜ್ಜಿಯ ಕಣ್ಣಿಗೂ ಅದು ಬಿದ್ದಿತು. ಅವಳು ಸೆರಗಿನಲ್ಲಿದ್ದ ಬಟ್ಟೆಯ ಚೂರೊಂದನ್ನು ಸುರುಳಿ ಸುತ್ತಿ ಆ ತೂತಿಗೆ ತುರುಕಿದಳು. ಆಗ ಮೂರೂವರೆ ಗಂಟೆ ದಾಟಿತ್ತು. ಹೊರಗೆ ಹಕ್ಕಿಗಳ ಸದ್ದು ಒಮ್ಮೆಲೇ ನಿಂತಿತು. ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಒರಲಿತು. ಮನೆಯೊಳಗಿನ ಕತ್ತಲೆ ಇನ್ನಷ್ಟು ಕಪ್ಪಾಯಿತು. ಎರಡೂವರೆ ನಿಮಿಷದ ಮೇಲೆ ಎಲ್ಲಿಯೋ ಒಂದು ಕೋಳಿ ಕೂಗಿತು. ನನ್ನ ಪಾಲಿನ ಪೂರ್ಣಗ್ರಹಣ ಇಷ್ಟೇ.

ವಿಜ್ಞಾನಿಗಳ ಡೇರೆಯಲ್ಲಿ ಕೂಲಿಗೆ ಹೋಗಿದ್ದ ನಮ್ಮೂರಿನ ಒಬ್ಬಾತ ಸೋಮವಾರ ಚಹಾದಂಗಡಿಯಲ್ಲಿ ಕುಳಿತು, ತಾನು ಕಂಡದ್ದನ್ನು ಬಣ್ಣಿಸಿದ: “ಹಾಡಹಗಲ ಚುಕ್ಕಿ ಮೂಡಿತ್ರೀ. ಸೂರ್ಯಾ ಇದ್ದಲ್ಲೆ ಕರೀ ಬಿಲ್ಲೆ. ಅದರ ಸುತ್ತ ಬಿಳೀ ಗಡ್ಡ ಬಂದಿತ್ತು!” ಜನ ನಕ್ಕರು. ನನಗೆ ಅಳು ಬಂದಿತು. ಅವನು ಕಂಡ ಬಿಳಿಯ ಗಡ್ಡ ಸೂರ್ಯನ ಕಿರೀಟ. ಲಕ್ಷಾಂತರ ಕಿಲೋಮೀಟರುಗಳವರೆಗೆ ಹಬ್ಬಿದ ಅತ್ಯಂತ ತೆಳುವಾದ, ಅತ್ಯಂತ ಬಿಸಿಯಾದ ಅನಿಲ. ಸೂರ್ಯಬಿಂಬದ ಪ್ರಖರತೆಯಲ್ಲಿ ಅದು ಎಂದೂ ಕಣ್ಣಿಗೆ ಬೀಳದು. ಪೂರ್ಣಗ್ರಹಣದ ಆ ಗಳಿಗೆಯಲ್ಲಿ ಮಾತ್ರ ಬರಿಗಣ್ಣಿಗೆ ದರ್ಶನ ಕೊಡುತ್ತದೆ. ಆ ಬಳಿಕ ಇಂದಿನವರೆಗೆ ಕರ್ನಾಟಕದ ನೆಲದ ಮೇಲೆ ಪೂರ್ಣಗ್ರಹಣದ ನೆರಳು ಬಿದ್ದಿಲ್ಲ.

*

ಎರಡನೆಯ ಗ್ರಹಣದ ಮಾತಿಗೆ ಬರುತ್ತೇನೆ. ನನ್ನ ತಮ್ಮ ಉದ್ಯೋಗದ ನಿಮಿತ್ತ ಮಂಗಳೂರಿನಲ್ಲಿ ನೆಲೆಸಿದ್ದಾನೆ. ಅವನ ಮಗಳಿಗೆ ೨೦೧೯ರಲ್ಲಿ ಆರು ವರ್ಷ. ಆ ವರ್ಷದ ಡಿಸೆಂಬರ್ ೨೬ರಂದು ಕಂಕಣ ಸೂರ್ಯಗ್ರಹಣ ಮಂಗಳೂರಿನ ದಕ್ಷಿಣಕ್ಕೆ, ಕಾಸರಗೋಡು, ಕಣ್ಣೂರು, ಕೊಡಗಿನ ತೆಂಕಣ ಅಂಚುಗಳ ಮೇಲೆ ಹಾಯುವುದಿತ್ತು. ಕ್ರಿಸ್‌ಮಸ್ ರಜೆ ಬೇರೆ. ನಾನು ಒಂದು ವಾರ ಮುಂಚೆಯೇ ಮಂಗಳೂರಿಗೆ ಹೋದೆ. ಒಂಬತ್ತು ವರ್ಷದ ಹುಡುಗನೊಬ್ಬನಿಗೆ ತಪ್ಪಿದ್ದನ್ನು ಆರು ವರ್ಷದ ಹುಡುಗಿಗೆ ತೋರಿಸಬೇಕೆಂಬ ಹಟ ನನಗಿತ್ತು. ಅದರಲ್ಲಿ ಸ್ವಾರ್ಥವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ದಿನವೇ ನಾನು ಸೋತೆ. ಕಾಗದದ ಮೇಲೆ ಮೂರು ವೃತ್ತಗಳನ್ನು ಬರೆದು, ಅಂದಿನ ಕರಿಹಲಗೆಯ ಪಾಠವನ್ನೇ ಆರಂಭಿಸಿದೆ. ಅವಳು ಎರಡು ನಿಮಿಷ ಸಹಿಸಿಕೊಂಡು, “ದೊಡ್ಡಪ್ಪಾ, ಇದು ಮೂರು ಇಡ್ಲಿಯ ಹಾಗೆ ಉಂಟು” ಎಂದು ಎದ್ದು ಹೋದಳು. ತಪ್ಪು ಅವಳದಲ್ಲ. ಒಂದು ಅಂಗೈ ಅಗಲದ ಕಾಗದದಲ್ಲಿ ಸೂರ್ಯ, ಚಂದ್ರ, ಭೂಮಿ ಮೂವರನ್ನೂ ಕೂರಿಸಿದರೆ ಅವು ಇಡ್ಲಿಗಳಲ್ಲದೆ ಮತ್ತೇನಾದಾವು?

ಮರುದಿನ ಅಡಿಗೆಮನೆಯ ಸಾಸಿವೆ ಡಬ್ಬಿಯನ್ನು ತೆಗೆಸಿದೆ. ಒಂದು ಸಾಸಿವೆಕಾಳು ಚಂದ್ರನೆಂದಿಟ್ಟುಕೊಂಡರೆ ಭೂಮಿ ಒಂದು ಕಡಲೆಕಾಳು. ಎರಡರ ನಡುವಿನ ಅಂತರ ಒಂದು ಗೇಣು. ಅವಳು ಊಟದ ಮೇಜಿನ ಮೇಲೆ ಕಡಲೆಯಿಟ್ಟು, ನನ್ನ ಕೈಯಿಂದ ಗೇಣು ಅಳೆಯಿಸಿ, ಸಾಸಿವೆಯನ್ನಿಟ್ಟಳು. “ಸೂರ್ಯ ಎಲ್ಲಿ?” ಎಂದಳು. ಸೂರ್ಯ ಮನೆಯೊಳಗೆ ಹಿಡಿಸಲಿಲ್ಲ. ಹೊರಗೆ ಹೋಗಿ ಆವರಣದ ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಎಂಬತ್ತು ಸೆಂಟಿಮೀಟರ್ ಅಗಲದ ವೃತ್ತವನ್ನು ಬರೆದೆವು. ಅದರ ಮುಂದೆ ಅವಳು ಕೈ ಚಾಚಿ ನಿಂತರೂ ಅಂಚು ಮುಟ್ಟುವುದು ಕಷ್ಟವಾಗಿತ್ತು. ಅಲ್ಲಿಂದ ಬೀದಿಯುದ್ದಕ್ಕೂ ಎಂಬತ್ತಾರು ಮೀಟರ್ ನಡೆಯಬೇಕಾಗಿತ್ತು. ಅವಳು ಕಡಲೆಕಾಳನ್ನು ಮುಷ್ಟಿಯಲ್ಲಿ ಹಿಡಿದು ಹೆಜ್ಜೆಗಳನ್ನು ಎಣಿಸುತ್ತ ನಡೆದಳು. ನೂರರ ಮೇಲೆ ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ನಡೆದಳು. ಕೊನೆಗೆ ಬೀದಿಯ ತಿರುವಿನಲ್ಲಿ ನಿಂತು, ದೂರದ ಗೋಡೆಯ ಮೇಲಿನ ಬಿಳಿಯ ಬಳೆಯನ್ನೂ ತನ್ನ ಅಂಗೈಯ ಮೇಲಿನ ಕಡಲೆಯನ್ನೂ ಬಾರಿಬಾರಿಗೂ ನೋಡಿದಳು. “ನಾವೆಲ್ಲ ಇದರ ಮೇಲೆ ಇರುದಾ?” ಎಂದು ಮೆಲ್ಲಗೆ ಕೇಳಿದಳು. ಹೌದೆಂದೆ. ಆಮೇಲೆ ಅವಳು ಮುಷ್ಟಿಯನ್ನು ಬಿಗಿಯಾಗಿ ಮುಚ್ಚಿಕೊಂಡೇ ಮನೆಗೆ ಬಂದಳು.

ಅಂದು ಸಂಜೆಯಿಂದ ಪ್ರಶ್ನೆಗಳು ಆರಂಭವಾದವು. ಅಷ್ಟು ಸಣ್ಣ ಸಾಸಿವೆ ಅಷ್ಟು ದೊಡ್ಡ ಬಳೆಯನ್ನು ಮುಚ್ಚುವುದು ಹೇಗೆ? ಒಂದು ಕಣ್ಣನ್ನು ಮುಚ್ಚಿಕೊಂಡು, ಕೈ ನೀಡಿ, ಹೆಬ್ಬೆರಳನ್ನು ಎದುರಿನ ತೆಂಗಿನಮರದ ತಲೆಗೆ ಅಡ್ಡ ಹಿಡಿಯುವಂತೆ ಹೇಳಿದೆ. ಮರದ ತಲೆ ಮಾಯವಾಯಿತು. ಹತ್ತಿರವಿರುವ ಚಿಕ್ಕದು ದೂರವಿರುವ ದೊಡ್ಡದನ್ನು ಮರೆಮಾಡಬಲ್ಲದು. ಸೂರ್ಯನ ಅಡ್ಡಳತೆ ಚಂದ್ರನದಕ್ಕಿಂತ ಸುಮಾರು ನಾನ್ನೂರು ಮಡಿ ಹೆಚ್ಚು. ಅವನು ಇರುವುದೂ ಚಂದ್ರನಿಗಿಂತ ಸುಮಾರು ನಾನ್ನೂರು ಮಡಿ ದೂರದಲ್ಲಿ. ಆದ್ದರಿಂದ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಅಳತೆಯವರಾಗಿ ಕಾಣುತ್ತಾರೆ. ಹೀಗೇ ಇರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಕಾಲದ ಭಾಗ್ಯ, ಅಷ್ಟೆ. ಚಂದ್ರ ವರ್ಷಕ್ಕೆ ೩.೮ ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಇನ್ನು ಸುಮಾರು ಅರವತ್ತು ಕೋಟಿ ವರ್ಷಗಳ ಬಳಿಕ ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡವನಾಗಿ ಅವನು ಎಂದಿಗೂ ಕಾಣಲಾರ. ಇದನ್ನು ಕೇಳಿದಾಗ ಅವಳು ಗಂಭೀರಳಾಗಿ, “ಹಾಗಾದರೆ ನಾವು ಬೇಗ ನೋಡಬೇಕು” ಎಂದಳು.

ಪಕ್ಕದ ಮನೆಯ ಅಜ್ಜಿ ಅವಳಿಗೆ ರಾಹುವಿನ ಕತೆಯನ್ನು ಹೇಳಿದ್ದರು. ಅದನ್ನು ಸುಳ್ಳೆಂದು ಜರೆಯುವ ಮನಸ್ಸು ನನಗಾಗಲಿಲ್ಲ. ಅಮೃತವನ್ನು ಕದ್ದು ಕುಡಿದ ರಾಕ್ಷಸ, ಚಾಡಿ ಹೇಳಿದ ಸೂರ್ಯಚಂದ್ರರು, ಚಕ್ರದಿಂದ ಕತ್ತರಿಸಿದ ತಲೆ – ಎಂಥ ರಸವತ್ತಾದ ಕತೆ! ನಾನೂ ಅದನ್ನು ಇನ್ನೊಮ್ಮೆ ಹೇಳಿದೆ. ಕೇಳಿ ಮುಗಿಸಿ ಅವಳೆಂದಳು: “ರಾಹುವಿಗೆ ಹೊಟ್ಟೆಯೇ ಇಲ್ಲ ಅಲ್ವಾ? ನುಂಗಿದರೆ ಕುತ್ತಿಗೆಯಿಂದ ಹೊರಗೆ ಬರ್ತದೆ. ಪಾಪ, ಅವನಿಗೆ ಯಾವಾಗಲೂ ಹಸಿವೆ.” ರಾಹುವಿನ ಮೇಲೆ ಯಾರಾದರೂ ಕನಿಕರ ತೋರಿದ್ದನ್ನು ನಾನು ಅಂದೇ ಕೇಳಿದ್ದು. ಕತೆಯನ್ನು ಕತೆಯಾಗಿಯೂ ನೆರಳನ್ನು ನೆರಳಾಗಿಯೂ ಇಟ್ಟುಕೊಳ್ಳುವುದು ಮಗುವಿಗೆ ಕಷ್ಟವಾಗಲಿಲ್ಲ. ಕಷ್ಟವೆಲ್ಲ ದೊಡ್ಡವರಾದ ನಮಗೇ.

ನಮ್ಮವರ ವಿಚಿತ್ರವನ್ನು ನೋಡಿ. ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ಗುಣಿಸಿ ಪಂಚಾಂಗದಲ್ಲಿ ಮೊದಲೇ ಅಚ್ಚು ಹಾಕಿಸುತ್ತೇವೆ. ‘ಸೂರ್ಯಗ್ರಹಣ ನಿಮಿತ್ತ’ ಭೂಮಿಯನ್ನು ದಾನ ಕೊಟ್ಟೆವೆಂದು ನಮ್ಮ ಅರಸರು, ಗೌಡರು ಕಲ್ಲಿನಲ್ಲಿ ಕೊರೆಯಿಸಿದ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ಅವುಗಳ ತೇದಿಯನ್ನು ಇತಿಹಾಸಕಾರರು ಇಂದು ಗ್ರಹಣದ ಲೆಕ್ಕದಿಂದಲೇ ಒರೆಗೆ ಹಚ್ಚುತ್ತಾರೆ. ಬರುವ ಗಳಿಗೆಯನ್ನು ಕರಾರುವಾಕ್ಕಾಗಿ ತಿಳಿಯುವಷ್ಟು ಬುದ್ಧಿ ನಮಗಿತ್ತು. ಆದರೂ ಅದು ಬಂದಾಗ ನಾವು ಕಿಟಕಿ ಮುಚ್ಚಿದೆವು.

ಒಂದು ಸಂಜೆ ಕಡಲ ದಂಡೆಯಲ್ಲಿ ಅವಳಿಗೆ ಮೇಲಕ್ಕೇರುವ ಬಲೂನನ್ನು ಕೊಡಿಸಿದೆ. ಅದರೊಳಗಿನ ಅನಿಲದ ಕತೆಯಲ್ಲಿಯೂ ಒಂದು ಗ್ರಹಣವುಂಟು. ೧೮೬೮ರ ಆಗಸ್ಟ್ ೧೮ರಂದು ಪೂರ್ಣಗ್ರಹಣದ ನೆರಳು ದಖ್ಖನದ ಮೇಲೆ ಹಾದುಹೋಯಿತು. ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ನಮ್ಮ ಜಮಖಂಡಿಯಲ್ಲಿ ಮೋಡಗಳೊಡನೆ ಹೆಣಗುತ್ತ, ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನಿಂತು, ಸೂರ್ಯನ ಅಂಚಿನ ಕೆಂಡದ ನಾಲಿಗೆಗಳ ಬೆಳಕನ್ನು ಬಣ್ಣಬಣ್ಣಗಳಾಗಿ ಬಿಡಿಸಿ ನೋಡಿದರು. ಅವು ಉರಿಯುವ ಅನಿಲವೆಂದು ಕಂಡುಕೊಂಡರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಆ ಬೆಳಕಿನಲ್ಲಿದ್ದ ಒಂದು ಹಳದಿ ಗೆರೆಯನ್ನು ಅಳೆದ. ಭೂಮಿಯ ಮೇಲೆ ಆವರೆಗೆ ತಿಳಿದಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಸೂರ್ಯನ ಗ್ರೀಕ್ ಹೆಸರಿನಿಂದಲೇ ಅದಕ್ಕೆ ಹೀಲಿಯಂ ಎಂದು ಹೆಸರಿಟ್ಟರು. ಭೂಮಿಯ ಮೇಲೆ ಅದು ರ್‍ಯಾಮ್ಸೆಯ ಕೈಗೆ ಸಿಕ್ಕಿದ್ದು ೧೮೯೫ರಲ್ಲಿ. ಇಷ್ಟೆಲ್ಲವನ್ನು ನಾನು ಆರು ವರ್ಷದವಳಿಗೆ ಹೇಳಲಿಲ್ಲ. “ನಿನ್ನ ಬಲೂನಿನೊಳಗೆ ಇರುವುದನ್ನು ಜನ ಮೊದಲು ಕಂಡದ್ದು ಸೂರ್ಯನಲ್ಲಿ” ಎಂದಷ್ಟೇ ಹೇಳಿದೆ. ಅವಳು ದಾರವನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ಮಲಗುವ ಮುನ್ನ ಅವಳು ಕೇಳಿದ ಒಂದು ಪ್ರಶ್ನೆ ಮಾತ್ರ ನನ್ನನ್ನು ತಬ್ಬಿಬ್ಬು ಮಾಡಿತು. “ಗ್ರಹಣದ ದಿನ ಚಂದ್ರನ ಮೇಲೆ ಒಬ್ಬಳು ಹುಡುಗಿ ಇದ್ದರೆ ಅವಳಿಗೆ ಎಂತ ಕಾಣ್ತದೆ?” ಐವತ್ತರ ಹತ್ತಿರ ಬಂದ ನಾನು ಒಮ್ಮೆಯೂ ಹಾಗೆ ಯೋಚಿಸಿರಲಿಲ್ಲ. “ನನಗೆ ತಕ್ಷಣ ಗೊತ್ತಾಗುತ್ತಿಲ್ಲ, ಯೋಚಿಸಿ ನಾಳೆ ಹೇಳುತ್ತೇನೆ” ಎಂದೆ. ಅವಳಿಗೆ ಬೇಸರವಾಗಬಹುದೆಂದು ತಿಳಿದಿದ್ದೆ. ಅದರ ಬದಲು ಅವಳ ಮುಖ ಅರಳಿತು. ದೊಡ್ಡವರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ತಾನು ಹುಡುಕಿದೆನೆಂಬ ಸಂತೋಷ. ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಕಡಲೆ, ಸಾಸಿವೆಗಳನ್ನಿಟ್ಟು ಉತ್ತರವನ್ನು ಕಂಡುಕೊಂಡೆವು. ಆ ಹುಡುಗಿಗೆ ಭೂಮಿ ಹುಣ್ಣಿಮೆಯ ಚಂದ್ರನಂತೆ ತುಂಬಿ ಬೆಳಗುತ್ತಿರುತ್ತದೆ. ಅದರ ಮೇಲೆ ಮಸಿಬೊಟ್ಟಿನಂಥ ಒಂದು ಮಬ್ಬು ನೆರಳು ಪಶ್ಚಿಮದಿಂದ ಪೂರ್ವಕ್ಕೆ ಮೆಲ್ಲನೆ ಸರಿಯುತ್ತಿರುತ್ತದೆ. ಆ ಬೊಟ್ಟಿನೊಳಗೆ ನಾವಿರುತ್ತೇವೆ.

ಹಿಂದಿನ ದಿನ ಅವಳು ಗದಗಿನ ಕಡೆಯ ನಮ್ಮ ಹಳ್ಳಿಯ ಮನೆಗೆ ಫೋನ್ ಮಾಡಿಸಿದಳು. ಅಲ್ಲಿ ನಮ್ಮ ತಂದೆ ಇದ್ದರು. ಎಂಬತ್ತರ ಹತ್ತಿರದ ವಯಸ್ಸು. ಅಲ್ಲಿಗೆ ಕಂಕಣ ಕಾಣದು. ಆದರೆ ಸೂರ್ಯನ ಬಹುಭಾಗ ಮುಚ್ಚುವುದಿತ್ತು. “ಅಜ್ಜಾ, ನೀವು ಸೂರ್ಯನನ್ನು ನೋಡ್ಬೇಡಿ. ಹಿಟ್ಟಿನ ಜರಡಿ ಹಿಡ್ಕೊಂಡು ಅಂಗಳಕ್ಕೆ ಹೋಗಿ, ನೆರಳು ನೋಡಿ” ಎಂದು ಅಪ್ಪಣೆ ಕೊಟ್ಟಳು. ಆ ಕಡೆಯಿಂದ ಏನು ಉತ್ತರ ಬಂದಿತೋ ನನಗೆ ಕೇಳಿಸಲಿಲ್ಲ.

*

ಡಿಸೆಂಬರ್ ೨೬ರಂದು ನಸುಕಿನಲ್ಲಿಯೇ ರೈಲು ಹತ್ತಿ ಕಾಸರಗೋಡನ್ನು ದಾಟಿ ಚೆರುವತ್ತೂರಿನಲ್ಲಿ ಇಳಿದೆವು. ನೆರಳಿನ ನಡುಗೆರೆ ಆ ಊರಿನ ಸಮೀಪದಲ್ಲಿಯೇ ಹಾಯುವುದಿತ್ತು. ಬಯಲಿನಲ್ಲಿ ಆಗಲೇ ಜನ ನೆರೆದಿದ್ದರು. ಮಲಯಾಳ, ಕನ್ನಡ, ತುಳು ಎಲ್ಲ ಮಾತುಗಳೂ ಕೇಳಿಬರುತ್ತಿದ್ದವು. ತಾಯಂದಿರ ಕಂಕುಳಲ್ಲಿ ಕೂಸುಗಳಿದ್ದವು.

ಕಣ್ಣಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು ಮಾಡಿದ್ದೆ. ಅಜ್ಜಿಯ ಅಂಜಿಕೆಯಲ್ಲಿ ಒಂದು ಎಳೆ ನಿಜವಿತ್ತು: ಸೂರ್ಯನನ್ನು ನೆಟ್ಟನೋಟದಿಂದ ನೋಡಿದರೆ ಕಣ್ಣಿನ ಒಳಪರದೆ ಸುಡುತ್ತದೆ. ಆ ಪರದೆಗೆ ನೋವು ತಿಳಿಯದು. ಆದ್ದರಿಂದ ಸುಡುವಾಗ ಗೊತ್ತಾಗುವುದೇ ಇಲ್ಲ. ಗ್ರಹಣದ ದಿನ ಸೂರ್ಯನಿಂದ ಹೊಸ ವಿಷಕಿರಣಗಳೇನೂ ಹೊರಡುವುದಿಲ್ಲ. ಅಂದು ಜನ ಸೂರ್ಯನನ್ನು ದಿಟ್ಟಿಸುತ್ತಾರೆ, ಅಪಾಯವಿರುವುದು ಅದರಲ್ಲಿ. ಕಂಕಣಗ್ರಹಣದಲ್ಲಿಯಂತೂ ಸೂರ್ಯನ ಅಂಚು ಕೊನೆಯವರೆಗೂ ಉರಿಯುತ್ತಿರುವುದರಿಂದ ಒಂದು ಕ್ಷಣವೂ ಬರಿಗಣ್ಣು ಸಲ್ಲದು. ಗ್ರಹಣಕ್ಕೆಂದೇ ಮಾಡಿದ ಕನ್ನಡಕವನ್ನು ಅವಳಿಗೆ ದಾರದಿಂದ ಬಿಗಿದು ಕಟ್ಟಿದೆ.

ಎಂಟು ಗಂಟೆ ದಾಟಿದ ಕೂಡಲೆ ಬಿಂಬದ ಒಂದು ಅಂಚು ಕುಂದಿತು. “ಬಂತು, ಸಾಸಿವೆ ಬಂತು!” ಎಂದು ಅವಳು ಕೂಗಿಕೊಂಡಳು. ಅಮಾವಾಸ್ಯೆಯ ಚಂದ್ರ ಎಲ್ಲಿರುತ್ತಾನೆಂದು ವಾರವೆಲ್ಲ ಕೇಳಿದ್ದಳು. ಈಗ ಅವನು ಕಪ್ಪಾಗಿ ಎದುರಿಗೇ ಇದ್ದ. ನಿಮಿಷದಿಂದ ನಿಮಿಷಕ್ಕೆ ಸೂರ್ಯ ಸವೆಯುತ್ತ ಹೋದ. ಒಂಬತ್ತರ ವೇಳೆಗೆ ಬಿಸಿಲಿನ ಬಣ್ಣವೇ ಬದಲಾಯಿತು. ಬೆಳದಿಂಗಳೂ ಅಲ್ಲದ, ಮುಸ್ಸಂಜೆಯೂ ಅಲ್ಲದ ಒಂದು ಸೀಸದ ಬೆಳಕು. ಸೆಕೆ ಇಳಿದು ತಣ್ಣನೆಯ ಗಾಳಿ ಬೀಸಿತು. ಒಂಬತ್ತೂಕಾಲು ದಾಟಿದ ಮೇಲೆ ಬಿದಿಗೆಯ ಗೆರೆಯ ಎರಡು ಕೊಂಬುಗಳು ಚಂದ್ರನ ಸುತ್ತ ಬಾಗಿ ಬಂದು ಒಂದನ್ನೊಂದು ಮುಟ್ಟಿದವು. ಬಯಲಿನ ತುಂಬ ಒಂದು ಹೋ ಎಂಬ ಉದ್ಗಾರ ಎದ್ದು, ಹಾಗೆಯೇ ಅಡಗಿತು. ಚಂದ್ರ ಅಂದು ನಮ್ಮಿಂದ ತುಸು ದೂರದಲ್ಲಿದ್ದುದರಿಂದ ಸೂರ್ಯನನ್ನು ಪೂರ್ತಿ ಮುಚ್ಚಲಾರದೆ ಸುತ್ತಲೂ ಒಂದು ಬೆಂಕಿಯ ಬಳೆಯನ್ನು ಉಳಿಸಿದ್ದ. ಮೂರು ನಿಮಿಷಗಳಷ್ಟು ಹೊತ್ತು ಆ ಬಳೆ ಆಕಾಶದಲ್ಲಿ ನಿಂತಿತ್ತು. ಮಗು ನನ್ನ ಕಿರುಬೆರಳನ್ನು ಹಿಡಿದುಕೊಂಡಿತ್ತು. ಒಂದು ಮಾತನ್ನೂ ಆಡಲಿಲ್ಲ. ನಾನೂ ಆಡಲಿಲ್ಲ. ವಾರವೆಲ್ಲ ಹೇಳಿದ ಲೆಕ್ಕಗಳಲ್ಲಿ ಒಂದೂ ನನಗಾಗ ನೆನಪಿಗೆ ಬರಲಿಲ್ಲ.

ಬಳೆ ಒಡೆದ ಮೇಲೆ ಅವಳು ಚೀಲದಿಂದ ಜರಡಿಯನ್ನು ತೆಗೆದಳು. ಬಿಳಿಯ ಹಾಳೆಯ ಮೇಲೆ ಅದನ್ನು ಹಿಡಿದಾಗ ಪ್ರತಿಯೊಂದು ತೂತಿನಿಂದಲೂ ಒಂದೊಂದು ಪುಟ್ಟ ಸೂರ್ಯ ಇಳಿಯಿತು; ಎಲ್ಲವೂ ಬಿದಿಗೆಯ ಚಂದ್ರನಂತೆ ಬಾಗಿದವು. ಪಕ್ಕದ ಮರದಡಿಯಲ್ಲಿ ಎಲೆಗಳ ಸಂದಿನಿಂದ ಬಿದ್ದ ಬಿಸಿಲೂ ಹಾಗೆಯೇ ಸಾವಿರ ಕುಡುಗೋಲುಗಳಾಗಿ ನೆಲದ ಮೇಲೆ ಚೆಲ್ಲಿತ್ತು. ಸಣ್ಣ ತೂತಿನ ಮೂಲಕ ಬರುವ ಬಿಸಿಲು ತೂತಿನ ಆಕಾರವನ್ನಲ್ಲ, ಸೂರ್ಯನ 
ಆಕಾರವನ್ನೇ ಮೂಡಿಸುತ್ತದೆಂದು ಅವಳಿಗೆ ವಿವರಿಸಲು ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟೆ. ನನಗೆ ನಮ್ಮ ಮನೆಯ ಪಡುವಣ ಕಿಟಕಿಯ ಮೊಳೆಯ ತೂತು ನೆನಪಾಯಿತು. ೧೯೮೦ರಲ್ಲಿ ಗೋಡೆಯ ಮೇಲೆ ನಾನು ಕಂಡದ್ದು ಬರಿಯ ಬೆಳಕಿನ ಚುಕ್ಕೆಯಲ್ಲ, ಅದು ಸೂರ್ಯನೇ. ಎಲ್ಲ ಬಾಗಿಲುಗಳನ್ನು ಹಾಕಿದ್ದರೂ ಗ್ರಹಣ ಒಳಗೆ ಬಂದು ನನಗೆ ದರ್ಶನ ಕೊಟ್ಟೇ ಹೋಗಿತ್ತು. ನನಗೆ ತಿಳಿದಿರಲಿಲ್ಲ, ಅಷ್ಟೆ. ಪಕ್ಕದಲ್ಲಿ ಕುಳಿತವರಲ್ಲಿ ತಿಳಿದವರೊಬ್ಬರಿದ್ದರು, ಅವರು ಹೇಳಲಿಲ್ಲ.

ಹನ್ನೊಂದು ಗಂಟೆಯ ಮೇಲೆ ತಮ್ಮನ ಫೋನಿಗೆ ಹಳ್ಳಿಯಿಂದ ಕರೆ ಬಂದಿತು. ತಂದೆಯವರು ಮೊಮ್ಮಗಳನ್ನು ಕೇಳಿದರು. ಮಾತು ಮುಗಿಸಿ ಅವಳು ನನಗೆ ವರದಿ ಒಪ್ಪಿಸಿದಳು: “ಅಜ್ಜ ಜರಡಿ ಹಿಡಿದರಂತೆ. ಗೋಡೆ ಮೇಲೆ ನೂರು ಚಂದ್ರ ಬಂದವಂತೆ. ‘ನಿಮ್ಮ ದೊಡ್ಡಪ್ಪಗ ಹೇಳು, ಎಲ್ಲಾ ಬಾಗಲಾ ತೆರದೀನಿ’ ಅಂದ್ರು.”

ಅದೇ ದಿನ ಕಲಬುರಗಿಯ ಸಮೀಪದ ಹಳ್ಳಿಯೊಂದರಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು, ಗುಣವಾದೀತೆಂಬ ಆಸೆಯಿಂದ, ಗ್ರಹಣ ಮುಗಿಯುವವರೆಗೆ ಕುತ್ತಿಗೆಯವರೆಗೂ ಮಣ್ಣಿನಲ್ಲಿ ಹೂತಿದ್ದರೆಂಬ ಸುದ್ದಿಯನ್ನು ಸಂಜೆ ಕೇಳಿದೆ. ಆ ತಾಯಿತಂದೆಯರನ್ನು ಬೈಯುವುದಕ್ಕೆ ನನಗೆ ನಾಲಿಗೆ ಏಳಲಿಲ್ಲ. ಮಕ್ಕಳ ಮೇಲಿನ ಪ್ರೀತಿಯೇ ಅವರಿಂದ ಹಾಗೆ ಮಾಡಿಸಿತ್ತು. ಆದರೆ ಒಂದೇ ಸೂರ್ಯನ ಕೆಳಗೆ ಒಂದು ಮಗು ಜರಡಿ ಹಿಡಿದು ನಗುತ್ತಿದ್ದಾಗ ಇನ್ನೊಂದು ಮಗು ಮಣ್ಣಿನೊಳಗೆ ಅಳುತ್ತಿತ್ತೆಂಬುದನ್ನು ಮರೆಯಲು ಇಂದಿಗೂ ಆಗಿಲ್ಲ.

*

ಆ ಸಂಕ್ರಾಂತಿಗೆ ನಾವೆಲ್ಲ ಹಳ್ಳಿಗೆ ಹೋದೆವು. ಮಗುವಿಗೆ ಮೊಳೆಯ ತೂತನ್ನು ನೋಡಲೇಬೇಕಾಗಿತ್ತು. ಮಧ್ಯಾಹ್ನ ನಡುಮನೆಯನ್ನು ಕತ್ತಲೆ ಮಾಡಿದೆವು. ಎದುರು ಗೋಡೆಯ ಮೇಲೆ ಸೂರ್ಯ ಅದೇ ರೂಪಾಯಿಯಷ್ಟಾಗಿ ಬಂದು ಕುಳಿತ. ಅವಳು ಅದನ್ನು ಅಂಗೈಯಲ್ಲಿ ಹಿಡಿದು, “ನನ್ನ ಕೈಯಲ್ಲಿ ಸೂರ್ಯ ಉಂಟು” ಎಂದು ಎಲ್ಲರಿಗೂ ತೋರಿಸಿದಳು. ತಂದೆ ಮಂಚದ ಮೇಲೆ ಕುಳಿತು ನೋಡುತ್ತಿದ್ದರು. ಆಗ, ಯಾರೂ ಕೇಳದೆಯೇ, ಅವರು ಮಾತಿಗೆ ಆರಂಭಿಸಿದರು.

ನಮ್ಮ ಅಜ್ಜಿಗೆ ಅವರಿಗಿಂತ ಮೊದಲು ಒಂದು ಗಂಡುಕೂಸು ಹುಟ್ಟಿತ್ತಂತೆ. ಸೀಳುತುಟಿಯ ಕೂಸು, ಮೊಲೆಯುಣ್ಣಲಾರದೆ ಹದಿನೈದು ದಿನಗಳಲ್ಲಿ ತೀರಿಕೊಂಡಿತು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವಳು ನೀರಿಗೆಂದು ಹೊರಗೆ ಹೋಗಿದ್ದಳು. ಅದರ ಫಲವೆಂದು ಅತ್ತೆ ಹೇಳಿದಳು, ಓಣಿ ಹೇಳಿತು. ತಾಯಿಯ ಗರ್ಭದಲ್ಲಿ ತುಟಿ ಕೂಡಿಕೊಳ್ಳುವುದು ಮೊದಲ ಎರಡು ತಿಂಗಳೊಳಗೆ. ಅದು ಕೂಡದಿರುವುದಕ್ಕೆ ವಂಶದ ಕಾರಣಗಳುಂಟು, ಬೇರೆ ಕಾರಣಗಳೂ ಉಂಟು. ಚಂದ್ರನ ನೆರಳು ಮಾತ್ರ ಅವುಗಳಲ್ಲಿ ಒಂದಲ್ಲ. ಆದರೆ ಅಜ್ಜಿ, ತನ್ನ ಕೂಸನ್ನು ತಾನೇ ಕೊಂದೆನೆಂದು ಸಾಯುವವರೆಗೂ ನಂಬಿದ್ದಳು. ೧೯೮೦ರಲ್ಲಿ ನಡುಮನೆಯ ಚಾಪೆಯ ಮೇಲೆ ಸೊಸೆ ಬಸುರಿಯಾಗಿ ಮಲಗಿದ್ದಾಗ ಅವಳು ಆ ತೂತಿಗೆ ಬಟ್ಟೆ ತುರುಕಿದ್ದು ಏತಕ್ಕೆಂದು ನನಗೆ ಅಂದು ತಿಳಿಯಿತು. ನಲವತ್ತು ವರ್ಷ ನಾನು ಅವಳ ಮೇಲೆ, ತಂದೆಯವರ ಮೇಲೆ, ಮುನಿಸಿಕೊಂಡಿದ್ದೆ.

ಮಗು ಆಟವಾಡುತ್ತಿದೆಯೆಂದು ನಾವು ತಿಳಿದಿದ್ದೆವು. ಅದು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಅಂಗೈಯ ಸೂರ್ಯನನ್ನು ಬಿಟ್ಟು ಮಂಚದ ಬಳಿಗೆ ಬಂದು ಕೇಳಿತು:

“ನೆರಳು ಬಿದ್ದರೆ ಏನೂ ಆಗುದಿಲ್ಲ ಅಂತ ಆ ಅಜ್ಜಿಗೆ ಯಾರೂ ಹೇಳ್ಲಿಲ್ವಾ?”

ತಂದೆ ಬಹಳ ಹೊತ್ತು ಸುಮ್ಮನಿದ್ದರು. “ಇಲ್ಲವಾ. ನನಗ ಗೊತ್ತಿತ್ತು. ಸಾಲಿ ಹುಡುಗರಿಗೆಲ್ಲಾ ಹೇಳಿದೆ. ಅವ್ವಗ ಹೇಳಲಿಲ್ಲ.”

೨೦೩೪ರ ಮಾರ್ಚ್ ೨೦ರಂದು ಪೂರ್ಣಗ್ರಹಣದ ನೆರಳು ನಮ್ಮ ದೇಶದ ವಾಯವ್ಯದ ಗಿರಿಗಳ ಮೇಲೆ, ಕಾರ್ಗಿಲಿನ ಕಡೆ, ಹಾಯಲಿದೆ. ಆಗ ಅವಳಿಗೆ ಇಪ್ಪತ್ತು ವರ್ಷ, ನನಗೆ ಅರವತ್ತಮೂರು. ತಾನೇ ನನ್ನನ್ನು ಕರೆದುಕೊಂಡು ಹೋಗುವೆನೆಂದು ಅವಳು ಈಗಲೇ ಹೇಳಿಟ್ಟಿದ್ದಾಳೆ. ಹೋಗುವುದು ಹೇಗೋ ಕಾಣೆ. ಅಂದು ಮಾತ್ರ ಅವಳು ಅಜ್ಜನ ಮಾತಿಗೆ ಏನೂ ಹೇಳಲಿಲ್ಲ. ಅವರ ಕೈ ಹಿಡಿದು ಗೋಡೆಯ ಬಳಿಗೆ ಕರೆತಂದು, ಸುಕ್ಕುಗಟ್ಟಿದ ಆ ಅಂಗೈಯನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಆಮೇಲೆ, ಕಡಲೆಕಾಳಿನಿಂದ ಆರಂಭಿಸಿ, ನಿಧಾನವಾಗಿ ಅವರಿಗೆ ಎಲ್ಲವನ್ನೂ ವಿವರಿಸತೊಡಗಿದಳು. ಮಾಸ್ತರರು ತಲೆಯಾಡಿಸುತ್ತ ಕೇಳುತ್ತಿದ್ದರು.